ಗೋಡೆ ಹಸಿ ಇರುವವರೆಗೆ

ಇದು ನಡೆದದ್ದು. ಕೈಯಿಂದ ಏನೂ ಸೇರಿಸಿಲ್ಲ. ಕಾಲಿನಿಂದ ಸೇರಿಸಿರಬಹುದು, ಯಾಕೆಂದರೆ ಇದು ಕಾಲಿನ ಕಥೆ. ಹಿರಿಯರ ಯಾವುದಾದರೂ ಮಾತಿನ ಬಾಲ ತಿರುಚಿ ಕಥೆ ಶುರು ಮಾಡುವುದು ನನ್ನ ಚಟ. ಈ ಸಲ ಬಿಟ್ಟಿದ್ದೇನೆ. ನಾನು ತಿರುಚಿದ ಒಂದು ಮಾತಿಗೆ ಈಗಾಗಲೇ ಮೂರು ಗೋಡೆ ಹೋಗಿವೆ.

ನನ್ನ ಹೆಸರು ದ್ಯಾಮಪ್ಪ, ಎಂ.ಎ. ಎಂ.ಎ. ಅಂದರೆ ಮಣ್ಣಿನ ಆಳು ಎಂದು ಬಿಡಿಸಿ ಹೇಳಿದವನು ನಾನೇ. ಬೇರೆಯವರಿಗಿಂತ ಮೊದಲು ನಾವೇ ಹೇಳಿಬಿಟ್ಟರೆ ನೋವು ಅರ್ಧ ಕಡಿಮೆ. ಮೂರು ವರ್ಷ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಅತಿಥಿ ಎಂದಮೇಲೆ ಒಂದು ದಿನ ಎದ್ದು ಹೋಗಬೇಕು. ಹೋದೆ. ಉಳಿದದ್ದು ಒಂದೇ ವಿದ್ಯೆ. ಯಾರ ದನಿಯನ್ನಾದರೂ ತೆಗೆಯುತ್ತೇನೆ. ಪ್ರಿನ್ಸಿಪಾಲರದು, ಸವಣೂರು ಬಸ್ಸಿನ ಕಂಡಕ್ಟರನದು, ಎಲೆ ಮಾರುವವಳದು. ನನ್ನ ದೊಡ್ಡ ಐಟಂ ಸತ್ತುಹೋದ ದೊಡ್ಡಗೌಡ. ಎರಡು ಸಲ ಕೆಮ್ಮಿ ನಾನು ಗೌಡನಾದರೆ ನಮ್ಮ ಮಾದರ ಓಣಿಯ ಮುದುಕರು ಇಂದಿಗೂ ಬೀಡಿಯನ್ನು ಬೆನ್ನ ಹಿಂದೆ ಹಿಡಿಯುತ್ತಾರೆ, ಆಮೇಲೆ ನಗುತ್ತಾರೆ. ನಗದವಳು ಒಬ್ಬಳೇ. ನನ್ನ ಅವ್ವ, ಅನ್ನವ್ವ.

"ಗೌಡನ ದನಿ ಹಂಗಿರಲಿಲ್ಲ," ಎನ್ನುತ್ತಾಳೆ.

"ಮತ್ತ ಹೆಂಗಿತ್ತು? ತಗದ ತೋರಸು."

"ನಾ ಎಂ.ಎ. ಮಾಡಿಲ್ಲಪ್ಪ."

ನಮ್ಮೂರು ಹಿರೇಬೆಂಡಿಗೇರಿಯ ಆಚೆ. ಹೆಸರು ಬೇಡ. ಊರ ನಡುವೆ ಗೌಡರ ವಾಡೆ. ಎರಡಾಳೆತ್ತರದ ಮಣ್ಣಿನ ಗೋಡೆ, ತೇಗದ ಕಂಬ, ನೂರು ಜನ ಉಣ್ಣುವ ಪಡಸಾಲೆ. ಗೌಡರ ಮನೆಯವರು ಹುಬ್ಬಳ್ಳಿಗೆ ಹೋದಮೇಲೆ ವಾಡೆಗೆ ಕೀಲಿ ಬಿದ್ದಿತ್ತು. ಈಗ ದೊಡ್ಡಗೌಡನ ಮಗ ಶಂಭುಲಿಂಗ ಗೌಡ ಅದನ್ನು ಹೋಮ್‌ಸ್ಟೇ ಮಾಡುತ್ತೇನೆಂದು ಬಂದ. ಹಾನಗಲ್ಲಿನ ಗುಡಿ ನೋಡಿ, ಸವಣೂರಿನ ಖಾರಾ ತಿಂದು, ವಾಡೆಯಲ್ಲಿ ಮಲಗುವುದು, ಹೀಗೊಂದು ಪ್ಯಾಕೇಜು. ಬೋರ್ಡನ್ನು ಮೊದಲೇ ಬರೆಸಿ ತಂದಿದ್ದ: 'ಎಲ್ಲರ ಮನೆ'.

ನನಗೆ ಸ್ಟೇ ಅಂದರೆ ಕೋರ್ಟಿನದು ಮಾತ್ರ ಗೊತ್ತು. ಒಳಗೆ ಕಾಲಿಡಬಾರದು ಎಂಬ ಆರ್ಡರು. ಆ ಲೆಕ್ಕದಲ್ಲಿ ವಾಡೆ ನಮಗೆ ನೂರು ವರ್ಷದಿಂದ ಸ್ಟೇ.

ಇಲ್ಲೊಂದು ಪದ್ಧತಿ ಹೇಳಬೇಕು. ಮಣ್ಣಿನ ಗೋಡೆಯನ್ನು ನಾಲ್ಕಾರು ವರ್ಷಕ್ಕೊಮ್ಮೆ ಮೆತ್ತಬೇಕು. ಮಣ್ಣು ತುಳಿಯುವವರು ನಾವು. ತುಳಿದದ್ದನ್ನು ಒಳಗೆ ಹೊತ್ತು ಗೋಡೆಗೆ ಮೆತ್ತುವವರೂ ನಾವೇ. ಆದ್ದರಿಂದ ಗೋಡೆ ಹಸಿ ಇರುವವರೆಗೆ ನಾವು ವಾಡೆಯ ಒಳಗೆ ಎಲ್ಲಿ ಬೇಕಾದರೂ ತಿರುಗಬಹುದು. ಅಡುಗೆಮನೆಗೂ ಹೋಗಬಹುದು, ದೇವರ ಕೋಣೆಗೂ ಹೋಗಬಹುದು. ಹಸಿ ಮಣ್ಣಿಗೆ ಮೈಲಿಗೆ ಇಲ್ಲವಂತೆ. ದೊಡ್ಡಗೌಡ ದಿನಾ ಬಂದು ಗೋಡೆಯ ಮೇಲೆ ಅಂಗೈ ಇಡುತ್ತಿದ್ದ. ಅಂಗೈಗೆ ಮಣ್ಣು ಹತ್ತದ ದಿನ ಎರಡು ಸಲ ಕೆಮ್ಮಿ ಒಂದೇ ಮಾತು ಹೇಳುತ್ತಿದ್ದ.

"ಗ್ವಾಡಿ ಒಣಗೇತಿ."

ಹೊರಗೆ ಹೋಗಿ ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಜನ ಬುಟ್ಟಿ ಎತ್ತಿಕೊಂಡು, ಹಿಂದೆ ಹಿಂದೆ ಸರಿದು, ಹಿತ್ತಲ ಬಾಗಿಲಿನಿಂದ ಹುಣಸೆಮರದ ಕೆಳಗೆ ಬಂದು ನಿಲ್ಲುತ್ತಿದ್ದರು. ಆಮೇಲೆ ಒಳಗೆ ಆಕಳು ಹೋಗುತ್ತಿತ್ತು. ಆಕಳು ತಿರುಗಾಡಿದ ಮೇಲೆ ಮನೆ ಮತ್ತೆ ಮನೆ.

ಅವ್ವ ಕೊನೆಯ ಸಲ ವಾಡೆಯ ಮಣ್ಣು ತುಳಿದಾಗ ನಾನು ಅವಳ ಹೊಟ್ಟೆಯಲ್ಲಿ ಏಳು ತಿಂಗಳಿನವ. ಅಂದರೆ ನಾನೂ ದೇವರ ಕೋಣೆಗೆ ಹೋಗಿಬಂದವನೇ, ಟಿಕೆಟ್ ಇಲ್ಲದೆ. ಆ ದಿನ ಮಧ್ಯಾಹ್ನ ಗೋಡೆ ಒಣಗಿತು. ಎಲ್ಲರಿಗೂ ಊಟ ಎಂದಿದ್ದರು. ಹುಣಸೆಮರದ ಕೆಳಗೆ ನಿಲ್ಲಿಸಿ ಸೆರಗು ಒಡ್ಡಿಸಿ ಉಡಿಯಲ್ಲಿ ಹಾಕಿದರು. ಬಿಸಿ ಅನ್ನ, ಮೇಲೆ ಬಿಸಿ ಸಾರು. ಅವ್ವನ ಹೊಟ್ಟೆಯ ಮೇಲೆ ಆ ಕಲೆ ಇನ್ನೂ ಇದೆ. ನನಗೆ ಮೊದಲ ಊಟ ಗೌಡರ ಮನೆಯದು, ಅದೂ ಚರ್ಮದ ಆಚೆಯಿಂದ.

ಹಾಗಾಗಿ ಶಂಭುಲಿಂಗ ಗೌಡ ಆಳು ಹುಡುಕಿಕೊಂಡು ಓಣಿಯ ಬಾಯಿಗೆ ಬಂದು ನಿಂತಾಗ ಅವ್ವ ಕೂಲಿಯ ಮಾತೇ ಎತ್ತಲಿಲ್ಲ.

"ತುಳೀತೇವಿ ಗೌಡ್ರ. ಮನಿ ಚಾಲೂ ಮಾಡೂ ದಿನ ನಮಗ ಊಟ ಹಾಕಬೇಕು."

"ಅದೇನ್ ದೊಡ್ಡ ಮಾತಬೇ ಅನ್ನವ್ವಾ. ಹಾಕಸ್ತೇನಿ."

"ಎಲ್ಲಿ ಅಂತ ಕೇಳ್ರಿ. ಪಡಸಾಲ್ಯಾಗ. ತಾಟಿನ್ಯಾಗ. ಗ್ವಾಡಿ ಒಣಗಿದ ಮ್ಯಾಲ."

ಗೌಡ ನಕ್ಕ. "ಯಾವ ಕಾಲದಾಗ ಅದೀಬೇ. ಬೋರ್ಡ್ ನೋಡಿಲ್ಲೇನು, ಎಲ್ಲರ ಮನಿ."

ಅವ್ವ ಬೋರ್ಡು ಓದಲಾರಳು. ನನ್ನ ಕಡೆ ನೋಡಿದಳು. ನಾನು ಎದೆ ಮುಟ್ಟಿಕೊಂಡು, "ನಾ ಅದೇನಿ ಬೇ, ಮಾತಿಗೆ ನಾ ಜಾಮೀನ," ಎಂದೆ. ಜಾಮೀನಿಗೆ ನಿಲ್ಲಲು ಯೋಗ್ಯತೆ ಬೇಕು ಎಂದು ಎಂ.ಎ.ಯಲ್ಲಿ ಯಾರೂ ಕಲಿಸಿರಲಿಲ್ಲ.

ಕೆಲಸ ಶುರುವಾಯಿತು. ಕೆರೆಯ ಮಣ್ಣು, ಚಿಕ್ಕೇರೂರು ಕಡೆಯ ನೆಲ್ಲುಹುಲ್ಲು, ಸೆಗಣಿ. ಹಿತ್ತಿಲಲ್ಲಿ ಗುಂಡಿ ತೆಗೆದು ಎಂಟು ದಿನ ಕೊಳೆ ಹಾಕಿದರು. ಒಂಬತ್ತನೆಯ ದಿನ ಆ ನಾತಕ್ಕೆ ನಾಯಿ ಹತ್ತಿರ ಬರಲಿಲ್ಲ. ಹನ್ನೊಂದು ಜನ ಹೆಂಗಸರು ಸೀರೆ ಮೊಣಕಾಲಿಗೆ ಕಟ್ಟಿ ಇಳಿದರು. ಹತ್ತು ಜನ ನಮ್ಮ ಓಣಿಯವರು, ಒಬ್ಬಳು ದಾವಲಬಿ, ಮಸೀದಿ ಓಣಿಯವಳು, ಅವ್ವನ ಜತೆಗಾತಿ. ನಾನೂ ಪ್ಯಾಂಟು ಮಡಿಚಿ ಇಳಿದೆ.

ತುಳಿಯುವುದೆಂದರೆ ನಡೆಯುವುದಲ್ಲ. ಹಿಮ್ಮಡಿ ಊರಬೇಕು, ತಿರುವಬೇಕು, ಎಳೆಯಬೇಕು. ಕೆಸರು ಕಾಲನ್ನು ಬಿಡುವುದಿಲ್ಲ. ತೊಡೆಯ ಸಂದಿಯಿಂದ ಎಳೆದು ತೆಗೆಯಬೇಕು. ಒಂದು ಬುಟ್ಟಿ ಮಣ್ಣು ಹದಕ್ಕೆ ಬರಲು ಸಾವಿರ ಹೆಜ್ಜೆ. ಮುಳ್ಳು, ಗಾಜಿನ ಚೂರು, ಕಪ್ಪೆಚಿಪ್ಪು ಎಲ್ಲ ಕಾಲೇ ಹುಡುಕಬೇಕು. ಸಂಜೆಯ ಹೊತ್ತಿಗೆ ಬೆರಳ ಸಂದಿ ಬೆಳ್ಳಗೆ ಬೆಂದ ಹಾಗಾಗಿ ಬಿರಿಯುತ್ತದೆ. ಅದಕ್ಕೆ ಔಡಲೆಣ್ಣೆ ಹಚ್ಚಿ ಮರುದಿನ ಮತ್ತೆ ಇಳಿಯಬೇಕು. ಅವ್ವನಿಗೆ ಅರವತ್ತೆರಡು. ನಾಲ್ಕು ತಿಂಗಳು ಇಳಿದಳು. ನಾನು ಎರಡು ದಿನ ಇಳಿದೆ.

ಎರಡನೆಯ ದಿನ ಗುಂಡಿಯಲ್ಲಿ ನಿಂತು ಪ್ರಿನ್ಸಿಪಾಲರ ದನಿಯಲ್ಲಿ, "ವಿದ್ಯಾರ್ಥಿಗಳೇ, ತಳಮಟ್ಟದ ಅಧ್ಯಯನ ಬಹಳ ಮುಖ್ಯ," ಎಂದು ಭಾಷಣ ಮಾಡುತ್ತಿದ್ದೆ. ದಾವಲಬಿ ನಗುತ್ತ ಬದುವಿನ ಮೇಲೆ ಬಿದ್ದಿದ್ದಳು. ಅದನ್ನು ಶಂಭುಲಿಂಗ ಗೌಡ ಕೇಳಿಸಿಕೊಂಡ.

"ಲೇ ದ್ಯಾಮಪ್ಪ, ನೀ ಇಲ್ಲಿರೂ ಮನಷ್ಯಾ ಅಲ್ಲಲೇ. ಮ್ಯಾಲ ಬಾ. ನಿನ್ನ ಮ್ಯಾನೇಜರ್ ಮಾಡ್ತೇನಿ."

ಬಂದೆ. ಕಾಲು ತೊಳೆದುಕೊಂಡೆ. ಎಷ್ಟು ಬೇಗ ತೊಳೆದುಕೊಂಡೆನೆಂದರೆ ಅವ್ವ ಒಮ್ಮೆ ತಲೆ ಎತ್ತಿ ನೋಡಿದಳು.

ಧಾರವಾಡದಿಂದ ವಿಭಾ ಎಂಬ ಇಂಜಿನಿಯರಮ್ಮ ಬರುತ್ತಿದ್ದಳು. ಹಳೆಯ ಮನೆಗಳನ್ನು ಸರಿಮಾಡುವುದನ್ನೇ ಕಲಿತವಳು. ಒಳ್ಳೆಯವಳು. ಮಣ್ಣನ್ನು ಮೂಸಿ ನೋಡುತ್ತಿದ್ದಳು. ಅವ್ವ ಅಂಗೈಯಿಂದ ಗೋಡೆ ಮೆತ್ತುವುದನ್ನು ನೋಡಿ ಫೋಟೋ ತೆಗೆದಳು.

"ಅನ್ನವ್ವ, ಮ್ಯಾಲೆ ನುಣ್ಣಗ ಮಾಡಬ್ಯಾಡ್ರಿ. ನಿಮ್ಮ ಕೈ ಗುರುತು ಹಂಗ ಇರ್ಲಿ. ಎಷ್ಟು ಛಂದ ಅದ."

ಹೀಗೆ ಪಡಸಾಲೆಯ ಗೋಡೆಯ ತುಂಬ ಹನ್ನೊಂದು ಜನರ ಅಂಗೈ ಉಳಿದವು. ಅವು ಹೋಮ್‌ಸ್ಟೇಯ ಜಾಹೀರಾತಿನಲ್ಲೂ ಬಂದವು. ಜಾಹೀರಾತು ಬರೆದವನು ನಾನೇ: 'ನೂರು ಕೈಗಳು ಕಾಯುವ ಗೋಡೆ'. ಕೈಗಳು ಯಾರವು ಎಂದು ಬರೆಯಲು ಜಾಗ ಸಾಲಲಿಲ್ಲ.

ಕೊನೆಯ ಲೇಪ ಮುಗಿದ ದಿನ ವಿಭಾ ಎಲ್ಲರನ್ನೂ ಕೂಡಿಸಿ ಹೇಳಿದಳು. "ಮ್ಯಾಲೆ ಒಣಗಿದಂಗ ಕಾಣ್ತದ, ಒಳಗ ಇನ್ನೂ ಹಸಿ ಅದ. ಒಂದು ತಿಂಗಳು ಗ್ವಾಡಿಗೆ ಹನಿ ನೀರು ಬೀಳಬಾರದು." ಎಲ್ಲರೂ ತಲೆಯಾಡಿಸಿದೆವು. ನಾನು ಬರೆದೂ ಇಟ್ಟುಕೊಂಡೆ.

ಉದ್ಘಾಟನೆಗೆ ವಾರವಿದ್ದಾಗ ಶಂಭುಲಿಂಗ ಗೌಡ ನನ್ನ ಹೆಗಲ ಮೇಲೆ ಕೈ ಹಾಕಿದ. ನಮ್ಮಂಥವರ ಹೆಗಲ ಮೇಲೆ ಅಂಥವರ ಕೈ ಬಿದ್ದರೆ ಒಂದೋ ಫೋಟೋ ಇರುತ್ತದೆ, ಇಲ್ಲ ಮೋಸ. ಸುತ್ತ ನೋಡಿದೆ. ಫೋಟೋ ತೆಗೆಯುವವರು ಇರಲಿಲ್ಲ.

"ಒಂದ್ ಸಣ್ಣ ಚೇಂಜ್ ಐತಿ ದ್ಯಾಮಪ್ಪ. ನಿಮ್ಮವ್ರಿಗೆ ಹುಣಸಿಗಿಡದ ಕೆಳಗ ಶಾಮಿಯಾನಾ ಹಾಕಸ್ತೇನಿ. ಟೇಬಲ್ಲು, ಖುರ್ಚಿ, ಫ್ಯಾನು. ಪಡಸಾಲ್ಯಾಗ ನೆಲದ ಮ್ಯಾಲ ಕುಂಡ್ರೂದಕಿಂತ ಭಾರೀ ಆಗತೈತಿ."

"ಹಂಗಾರ ಗೆಸ್ಟು ಎಲ್ಲಿ ಕುಂಡರತಾರ್ರಿ?"

"ಪಡಸಾಲ್ಯಾಗ. ನೆಲದ ಮ್ಯಾಲ. ಅವರಿಗೆ ನೆಲಾನ ಬೇಕಂತ."

"ಅವ್ವಗ ಮಾತ ಕೊಟ್ಟೇವಲ್ರಿ."

"ಜಾತಿ ಮಾತಲ್ಲಪಾ ಇದು. ಹೈಜೀನ್. ನಮ್ಮವ್ವನೂ ಬರಾಕತ್ತಾಳ, ಹಳೇ ಕಾಲದಾಕಿ. ನೀ ಕಲ್ತಾಂವ, ನಿನಗ ತಿಳೀತೈತಿ."

ಇದೊಂದು ಮಾತಿಗೆ ನಾನು ಯಾವಾಗಲೂ ಬೀಳುತ್ತೇನೆ. ಕಲಿತವನಿಗೆ ತಿಳಿಯಬೇಕು. ನಾಲ್ಕು ತಿಂಗಳು ಅದೇ ಕಾಲು ನಿಮ್ಮ ದೇವರ ಕೋಣೆಯಲ್ಲಿ ಇತ್ತಲ್ಲ, ಆಗ ಹೈಜೀನ್ ಎಲ್ಲಿ ಮಲಗಿತ್ತು ಎಂದು ಕೇಳಬೇಕಿತ್ತು. ಬಹಳ ಚೆನ್ನಾದ ವಾಕ್ಯ. ಮನೆಗೆ ಹೋಗುವ ದಾರಿಯಲ್ಲಿ ಹೊಳೆಯಿತು. ಅಲ್ಲಿ ನನ್ನ ಬಾಯಿಂದ ಬಂದದ್ದು, "ಆತ್ರಿ."

ಆಮೇಲೆ ಗೌಡ ನನ್ನ ಪಾರ್ಟು ವಿವರಿಸಿದ. ಉದ್ಘಾಟನೆಯ ದಿನ ನಾನು ತಲೆಗೆ ಕೆಂಪು ರುಮಾಲು ಸುತ್ತಿ, ಹೆಗಲಿಗೆ ಕಂಬಳಿ ಹಾಕಿ, ಕೋಲು ಹಿಡಿದು ಹೆಬ್ಬಾಗಿಲಿನಲ್ಲಿ ನಿಲ್ಲಬೇಕು. ಹುಬ್ಬಳ್ಳಿಯ ಗೆಸ್ಟು ಬಂದ ಕೂಡಲೇ ಬಾಗಿ, "ಬರ್ರಿ ಎಪ್ಪಾ, ವಾಡೇಕ ಬರ್ರಿ," ಎನ್ನಬೇಕು. ದೊಡ್ಡಗೌಡನ ದನಿ ತೆಗೆದು ಎರಡು ಮಾತು, ಹಳೆಯ ಕಾಲದ ಆಳಿನ ದನಿ ತೆಗೆದು ಎರಡು ಮಾತು. ನಮ್ಮಜ್ಜ ಬಿಟ್ಟಿ ಮಾಡಿದ ಕೆಲಸ ಅದು. ನನಗೆ ಸಂಬಳ ಇತ್ತು. ಒಂದು ತಲೆಮಾರು ಎಷ್ಟು ಮುಂದೆ ಬಂದಿದೆ ನೋಡಿ.

ಅವ್ವ ಕೇಳಿದಳು. "ಊಟದ್ದು ಪಕ್ಕಾ ಐತಿಲ್ಲೋ?"

"ಊಟಾ ಐತಿ ಬೇ. ಪಡಸಾಲ್ಯಾಗ ಐತಿ."

ಒಂದಕ್ಷರ ಸುಳ್ಳಲ್ಲ. ಊಟ ಇತ್ತು, ಪಡಸಾಲೆಯಲ್ಲೇ ಇತ್ತು. ಯಾರಿಗೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಓದಿದ್ದು ಇಂಥದಕ್ಕೆ ಉಪಯೋಗಕ್ಕೆ ಬರುತ್ತದೆ.

ಉದ್ಘಾಟನೆಯ ದಿನ ಬೆಳಿಗ್ಗೆ ಎಂಟಕ್ಕೇ ಹನ್ನೊಂದು ಜನ ಹೆಂಗಸರು ತಲೆಗೆ ಎಣ್ಣೆ ಹಾಕಿ, ಮಡಿಚಿಟ್ಟ ಸೀರೆ ಉಟ್ಟು ಅಂಗಳಕ್ಕೆ ಬಂದರು. ಅವ್ವ ತನ್ನ ತಾಟನ್ನು ತಾನೇ ತಂದಿದ್ದಳು. ಸೆರಗಿನ ಕೆಳಗೆ ಹಿಡಿದಿದ್ದಳು. ಹೊಸದು. ನಾನು ಹೆಬ್ಬಾಗಿಲಿನಲ್ಲಿ ರುಮಾಲು, ಕಂಬಳಿ, ಕೋಲು. ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಹುಣಸೆಮರದ ಕೆಳಗಿನ ಶಾಮಿಯಾನಾ ನೋಡಿದಳು. ಮರ ಅದೇ. ಜಾಗವೂ ಅದೇ.

"ಊಟ ಅಲ್ಲೇನು?"

ನಾನು ಕೋಲಿನ ತುದಿಯಿಂದ ನೆಲ ಕೆದರಿದೆ.

ಅಷ್ಟರಲ್ಲಿ ಆಕಳು ಬಂತು. ಶಂಭುಲಿಂಗ ಗೌಡನ ತಾಯಿ ಸರೋಜವ್ವ ಮುಂದೆ ನಿಂತು ಅರಿಷಿಣ ಹಚ್ಚಿದಳು. ಆದರೆ ಪಡಸಾಲೆಯ ನೆಲಕ್ಕೆ ಈಗ ಪಾಲಿಶ್ ಕಲ್ಲು. ಆಕಳು ಒಂದು ಗೊರಸು ಇಟ್ಟಿತು, ಜಾರಿತು, ತೆಗೆಯಿತು. ಹಿಂದಿನಿಂದ ಇಬ್ಬರು ತಳ್ಳಿದರು. ಬಾಲ ತಿರುವಿದರು. ಹೊಸ್ತಿಲಿನಲ್ಲಿ ಸೆಗಣಿ ಹಾಕಿ ನಿಂತುಬಿಟ್ಟಿತು. ಆ ದಿನ ಒಳಗೆ ಬರುವುದಿಲ್ಲ ಎಂದ ಮೊದಲನೆಯವಳು ಅದು. ನಾನು ಅದನ್ನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

"ಆಕಳ ಒಲ್ಲೆ ಅಂದ್ರ ತೊಳಸ್ರಿ," ಎಂದಳು ಸರೋಜವ್ವ. "ನಾಕ ತಿಂಗಳು ಯಾರ್ಯಾರೋ ತಿರಗ್ಯಾಡ್ಯಾರ. ನೀರ ಹಾಕದ ದೀಪಾ ಹಚ್ಚೂದಿಲ್ಲ ನಾ." ಹೇಳಿ ದೇವರ ಕೋಣೆಗೆ ಹೋದಳು.

ಶಂಭುಲಿಂಗ ಗೌಡ ಅಂಗಳಕ್ಕೆ ಬಂದ. ತೊಳೆಯಲು ಯಾರಿದ್ದಾರೆ ಎಂದು ಸುತ್ತ ನೋಡಿದ. ಅವನ ಕಣ್ಣಿಗೆ ಬಿದ್ದವರು ಹನ್ನೊಂದು ಜನ.

"ಅನ್ನವ್ವಾ, ಪಡಸಾಲಿ ಒಂದೀಟ ನೀರ ಹಾಕಿ ತೊಳದ ಕೊಡ್ರಿ."

"ಯಾಕ್ರಿ? ನಿನ್ನೆ ಒರಸಿ ಹೋಗೇವಿ."

"ಹಂಗಲ್ಲಬೇ. ಶುದ್ಧಿದು."

"ಯಾರ ಮೈಲಿಗಿ ಗೌಡ್ರ?"

ಗೌಡ ಮೊಬೈಲು ನೋಡಿದ.

"ನಾವು ತುಳದದ್ದು," ಎಂದಳು ಅವ್ವ. "ನಾವು ಮೆತ್ತಿದ್ದು. ಈಗ ನಮ್ಮ ಹೆಜ್ಜಿ ನಾವ ತೊಳದ, ಆಮ್ಯಾಲ ಗಿಡದ ಕೆಳಗ ಹೋಗಿ ಕುಂಡರಬೇಕು. ಹೌದಿಲ್ರಿ?"

"ತಪ್ಪ ತಿಳಕೋಬ್ಯಾಡಬೇ."

"ತಪ್ಪ ತಿಳಕೊಂಡಿಲ್ಲ. ತೊಳಿಯೂದಿಲ್ಲ."

ದನಿ ಏರಿಸಲಿಲ್ಲ. ಯಾರೋ ಮುಂದೆ ತಂದಿಟ್ಟ ಕೊಡವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಅಂಗಳದ ಬಿಸಿಲಿನಲ್ಲಿ ಕುಳಿತಳು. ದಾವಲಬಿ, "ನಾನೂ ಇಲ್ರಿ," ಎಂದು ಪಕ್ಕದಲ್ಲಿ ಕುಳಿತಳು. ಉಳಿದವರೂ ಕುಳಿತರು. ನಾನು ಕೋಲು ಹಿಡಿದು ನಿಂತೇ ಇದ್ದೆ. ನಿಂತವರ ಪಟ್ಟಿಯಲ್ಲಿ ನಾನು ಮತ್ತು ಆಕಳು. ಆಕಳಿಗೆ ಕಾರಣ ಇತ್ತು.

ಆಗ ಮುಂದೆ ಬಂದವನು ಪ್ರಶಾಂತ, ಸರೋಜವ್ವನ ತಮ್ಮನ ಮಗ. ಶಿಗ್ಗಾಂವಿಯಲ್ಲಿ ಗಾಡಿ ತೊಳೆಯುವ ಅಂಗಡಿ ಇಟ್ಟವನು. "ಬಿಡೋ ಮಾವಾ, ಇವ್ರನ್ನೇನ್ ಬೇಡ್ಕೋತಿ," ಎಂದು ತನ್ನ ಟೆಂಪೋದಿಂದ ಪಂಪು ಇಳಿಸಿದ. ಲಾರಿಯ ಗ್ರೀಸು ಎಬ್ಬಿಸುವ ಪಂಪು. ಅವನು ಹುಟ್ಟಿದ್ದು ಸಿಮೆಂಟಿನ ಮನೆಯಲ್ಲಿ. ವಿಭಾ ಹೇಳಿದ ದಿನ ಅವನಿರಲಿಲ್ಲ. ನೀರಿಗೆ ಅಂಜುವ ಗೋಡೆ ಇರುತ್ತದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ನನಗೆ ಗೊತ್ತಿತ್ತು. ಬರೆದಿಟ್ಟುಕೊಂಡಿದ್ದೆ.

ನೆಲಕ್ಕೆಲ್ಲ ಹೊಡೆದ. ಆಮೇಲೆ ಪೈಪು ಹಿಡಿದು ದೇವರ ಕೋಣೆಯ ಕಡೆ ಮುಖ ಮಾಡಿ ಕೂಗಿದ. "ಅತ್ತಿ, ಗ್ವಾಡಿಗೂ ಹೊಡೀಲೇನು?"

ದೇವರ ಕೋಣೆಯಲ್ಲಿ ಗಂಟೆ ಬಾರಿಸುತ್ತಿತ್ತು. ಸರೋಜವ್ವನಿಗೆ ಕೇಳಿಸಲಿಲ್ಲ. ಶಂಭುಲಿಂಗ ಗೌಡ ಹೊರಗೆ ಫೋನಿನಲ್ಲಿದ್ದ. ನಾನು ದೇವರ ಕೋಣೆಯ ಬದಿಗಿದ್ದ ಕಟ್ಟಿಗೆಯ ಜಾಲಿ ತಡಿಕೆಯ ಹಿಂದೆ ಬಂದು ನಿಂತಿದ್ದೆ. ಯಾಕೆ ಬಂದೆ ಗೊತ್ತಿಲ್ಲ. ಸಿಟ್ಟೇನೋ ಬಂದಿತ್ತು, ಬಾಯಿಯಲ್ಲಿ ಅವ್ವನ ಹಾಗೆ 'ಇಲ್ಲ' ಎನ್ನುವ ತಾಕತ್ತು ಇರಲಿಲ್ಲ. ನನ್ನ ದನಿಯಲ್ಲಿ ಆಗದ್ದನ್ನು ಇನ್ನೊಬ್ಬರ ದನಿಯಲ್ಲಿ ಮಾಡುವುದು ನನ್ನ ಕಸುಬು. ಮೂಗಿನಿಂದ, ಕೊನೆಯಲ್ಲಿ ಸ್ವಲ್ಪ ಎಳೆದು, ಸರೋಜವ್ವನಾದೆ.

"ಹೊಡಿಯೋ ಪ್ರಶಾಂತಾ. ಗ್ವಾಡೀನೂ ಅವ್ರ ಮುಟ್ಟಿದ್ದಲ್ಲೇನು? ಮ್ಯಾಲಿಂದ ಕೆಳತನ ಹೊಡಿ. ಮೂಲಿ ಬಿಡಬ್ಯಾಡ."

ಅವನ ಬಿಳಿ ಅಂಗಿಯ ಮೇಲೆ ನಾಲ್ಕು ಕೆಸರ ಹನಿ ಸಿಡಿಯಲಿ ಎಂಬುದಷ್ಟೇ ನನ್ನ ಯೋಜನೆ. ನನ್ನ ಬಂಡಾಯ ಯಾವಾಗಲೂ ನಾಲ್ಕು ಹನಿಯ ಅಳತೆಯದು. ಪಂಪಿಗೆ ಆ ಅಳತೆ ತಿಳಿಯಲಿಲ್ಲ.

ಮೊದಲು ಗೋಡೆಯ ಬಣ್ಣ ಕಪ್ಪಾಯಿತು. ಅಂಗೈ ಗುರುತುಗಳು ಮೊದಲು ಹೋದವು, ಒಂದೊಂದಾಗಿ, ಯಾರೋ ಕೈ ಹಿಂದೆ ತೆಗೆದುಕೊಂಡ ಹಾಗೆ. ಹುಲ್ಲಿನ ಎಳೆ ಮೇಲೆದ್ದವು. ಆಮೇಲೆ ಇಡೀ ಲೇಪ ಹೊಟ್ಟೆ ಬಿಟ್ಟು, ಜೋತು, ದಬಕ್ಕನೆ ಕೆಳಗೆ ಬಂತು. ಮೂರು ಗೋಡೆ. ಪ್ರಶಾಂತ ಪಂಪು ನಿಲ್ಲಿಸುವ ಗುಂಡಿ ಹುಡುಕುವಷ್ಟರಲ್ಲಿ ಪಾಲಿಶ್ ಕಲ್ಲಿನ ಮೇಲೆ ಗೇಣು ಕೆಸರು. ಪಡಸಾಲೆ ನಮ್ಮ ಹಿತ್ತಿಲ ಗುಂಡಿಯಾಗಿತ್ತು. ನಾತವೂ ಅದೇ.

ಸರೋಜವ್ವ ಹೊರಗೆ ಬಂದಳು. "ಗ್ವಾಡಿಗೆ ಹೊಡಿ ಅಂತ ಯಾರ ಹೇಳಿದ್ರೋ?"

"ನೀವ ಅಂದ್ರೆಲ್ಲಾ ಅತ್ತಿ."

"ನಾ ಎಲ್ಲಿ ಅಂದೆ? ನಾ ಮಂತ್ರಾ ಹೇಳಾಕತ್ತಿದ್ದೆ."

ಸಪ್ಪಳಕ್ಕೆ ಹೆಂಗಸರು ಹೊಸ್ತಿಲ ತನಕ ಬಂದಿದ್ದರು. ಅವ್ವ ಯಾರ ಮುಖವನ್ನೂ ನೋಡಲಿಲ್ಲ, ಜಾಲಿಯ ಹಿಂದೆ ನೋಡಿದಳು. ನಾನು ಅವಳಿಗಾಗಿ ಮುಖದ ಮೇಲೆ ಒಂದು ಗೆಲುವಿನ ನಗೆ ತಯಾರು ಮಾಡಿಟ್ಟಿದ್ದೆ. ಅದು ಅರ್ಧಕ್ಕೇ ನಿಂತಿತು.

ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಯಾರ ಗ್ವಾಡಿ ಕೆಡವಿದಿ ಗೊತ್ತೈತೇನು?"

"ಗೌಡಂದು."

"ನಂದು. ಅದರಾಗ ನನ್ನ ಕಾಲ ಅದಾವ. ನಾಕ ತಿಂಗಳು ತುಳದೇನಿ. ನೀ ಎರಡ ದಿನ ತುಳದಿ, ಅದಕ ನಿನಗ ತಿಳೀಲಿಲ್ಲ."

ಬಂಡಾಯ ಮಾಡಿದವನು ನಾನು, ಹೋದದ್ದು ಅವಳ ದುಡಿಮೆ. ಹೆಬ್ಬಾಗಿಲಿಗೆ ವಾಪಸು ಹೋಗಿ ನಿಂತೆ. ಅದೇ ನನ್ನ ಜಾಗ ಅನ್ನಿಸಿತು.

ಮುಂದಿನದನ್ನು ಅಲ್ಲಿಂದಲೇ ನೋಡಿದೆ. ಅವ್ವ ಗೋಡೆಯ ಹತ್ತಿರ ಹೋದಳು. ಅಂಗೈ ಒತ್ತಿದಳು. ತೆಗೆದು, ಮಣ್ಣು ಹತ್ತಿದ ಆ ಅಂಗೈಯನ್ನು ಶಂಭುಲಿಂಗ ಗೌಡನ ಮುಖದ ಮುಂದೆ ಹಿಡಿದಳು.

"ಗ್ವಾಡಿ ಹಸಿ ಐತ್ರಿ ಗೌಡ್ರ. ಪದ್ಧತಿ ನಿಮ್ಮದು, ನಾವ ಮಾಡಿದ್ದಲ್ಲ."

ಸೀರೆಯ ನೆರಿಗೆ ಎತ್ತಿ ಕೆಸರಿನ ನಡುವೆ ನಡೆದಳು. ಪಡಸಾಲೆಯ ಮಧ್ಯದ ಎತ್ತರದ ಕಟ್ಟೆಗೆ ಮಾತ್ರ ಕೆಸರು ಹತ್ತಿರಲಿಲ್ಲ. ಅಲ್ಲಿ ಕುಳಿತಳು. ಸೆರಗಿನ ಕೆಳಗಿನ ತಾಟು ತೆಗೆದು ಮುಂದೆ ಇಟ್ಟಳು. ಹತ್ತೂ ಜನ ಹಿಂದೆ ಹೋದರು.

ಹತ್ತೂವರೆಗೆ ವಿಭಾ ಬಂದಳು. ಬಾಗಿಲಲ್ಲೇ ನಿಂತು ತಲೆಯ ಮೇಲೆ ಕೈ ಇಟ್ಟುಕೊಂಡಳು. "ಇದನ್ನ ಇವರು ಬಿಟ್ಟು ಯಾರೂ ಸರಿ ಮಾಡಂಗಿಲ್ಲ ಗೌಡ್ರ. ಕೈ ಮುಗದು ಕೇಳ್ಕೋರಿ." ಹನ್ನೆರಡಕ್ಕೆ ಗೆಸ್ಟು ಬರುವವರಿದ್ದರು. ಗೌಡ ಕಟ್ಟೆಯ ಹತ್ತಿರ ಹೋದ. ಅವನ ಹೊಸ ಬೂಟು ಕೆಸರಿನಲ್ಲಿ ಹೂತಿತು. ಎಳೆದ. ಬರಲಿಲ್ಲ. ತೊಡೆಯ ಸಂದಿಯಿಂದ ಎಳೆಯಬೇಕು ಎಂದು ಅವನಿಗೆ ಗೊತ್ತಿಲ್ಲ.

"ಅನ್ನವ್ವಾ, ಮುಂದಿನ ಗ್ವಾಡಿ ಒಂದರ ಕೈ ಆಡಿಸಿ ಕೊಡು. ಆಮ್ಯಾಲ ಊಟ ಹಾಕಸ್ತೇನಿ. ಇಲ್ಲೇ."

"ನಲವತ್ತ ವರ್ಷ ಮೊದಲ ಕೆಲಸ, ಆಮ್ಯಾಲ ಊಟ. ಇವತ್ತ ಮೊದಲ ಊಟ."

"ಆತ, ಹಾಕಸ್ತೇನಿ. ಮೆತ್ತಿ ಕೊಡತೀಯಿಲ್ಲೋ?"

"ಉಂಡ ಮ್ಯಾಲ ವಿಚಾರ ಮಾಡತೇವಿ."

ಸರೋಜವ್ವ ಕಂಬ ಹಿಡಿದು ನಿಂತಿದ್ದಳು. ಕೇಳಲೋ ಬೇಡವೋ ಎಂಬಂತೆ ಕೇಳಿದಳು. "ಗ್ವಾಡಿ ಮತ್ತ ಎಂದ ಒಣಗತೈತಿ?"

"ನಾವ ಒಣಗೇತಿ ಅಂದಾಗ, ಅವ್ವಾರ," ಎಂದಳು ಅವ್ವ. "ಹೊಸ್ತಲದ ಬಾಜೂಕ ಒಂದ ಗೇಣ ಜಾಗಾ ಹಸೀನ ಇಡತೇವಿ. ಪ್ರತಿ ಅಮಾಸಿಗೆ ಬಂದ ಮೆತ್ತಿ ಹೋಗತೇವಿ. ಮಾತ ಆಗಿದ್ದು ಒಣಗಿದ ಮ್ಯಾಲ ಉಣ್ಣೂದು. ಅದು ನಿಮ್ಮ ಕೈಲಿ ಆಗಲಿಲ್ಲ. ಹಸೀದರಾಗ ಉಣತೇವಿ."

ಊಟ ಬಂತು. ಗೆಸ್ಟಿಗೆಂದು ಮಾಡಿದ ಹೋಳಿಗೆ, ತುಪ್ಪ, ಬದನೆಕಾಯಿ ಎಣಗಾಯಿ, ಅನ್ನ, ಸಾರು. ಬಡಿಸಿದವನು ಪ್ರಶಾಂತ. ಬಿಳಿ ಅಂಗಿಯ ಮೇಲೆ ನಾಲ್ಕಲ್ಲ, ನಾನೂರು ಹನಿ. ಉಳಿದವರಿಗೆ ಗೆಸ್ಟಿನ ತಾಟು ಇಟ್ಟು, ತಾಟಿನಲ್ಲಿ ಬಡಿಸಿದ. ಬಗ್ಗಿ ಬಡಿಸಿದ. ಅವ್ವ ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಸಾರು ಸಾವಕಾಶ ಹಾಕೋ ತಮ್ಮಾ, ಬಿಸಿ ಇರತೈತಿ," ಎಂದಳು.

ನಾನು ಹೆಬ್ಬಾಗಿಲಿನಲ್ಲಿ. ಅವ್ವ ಕರೆಯಲಿಲ್ಲ. ನಾನು ಹೋಗಲಿಲ್ಲ.

ಹನ್ನೆರಡಕ್ಕೆ ಸರಿಯಾಗಿ ಗೆಸ್ಟುಗಳ ಬಸ್ಸು ಬಂತು. ತಡಸದಲ್ಲಿ ಚಹಾ ಕುಡಿದು ಬಂದಿದ್ದರು, ಹುರುಪಿನಲ್ಲಿದ್ದರು. ನಾನು ಬಾಗಿದೆ. "ಬರ್ರಿ ಎಪ್ಪಾ, ವಾಡೇಕ ಬರ್ರಿ." ಮೊಬೈಲುಗಳು ಎದ್ದವು. ಕಂಬಳಿ ಸರಿಮಾಡಿಕೊಂಡೆ. ಅವಮಾನದಲ್ಲೂ ನನಗೆ ಕ್ಯಾಮೆರಾದ ಕಡೆ ಯಾವ ಕೆನ್ನೆ ತಿರುಗಿಸಬೇಕು ಎಂಬುದು ಗೊತ್ತಿರುತ್ತದೆ. ಅವರನ್ನು ಹಿಂದಿಟ್ಟುಕೊಂಡು ಅಂಗಳ ದಾಟಿ ಪಡಸಾಲೆಯ ಮೆಟ್ಟಿಲು ಹತ್ತಿದೆ. ಹೊಸ್ತಿಲಿನ ಮೇಲೆ ಬಲಗಾಲು ಇಟ್ಟೆ.

ಒಳಗಿನಿಂದ ಎರಡು ಸಲ ಕೆಮ್ಮು.

ಮೊದಲನೆಯದು ಗಂಟಲಿನದು, ಎರಡನೆಯದು ಎದೆಯದು. ನಡುವೆ ಒಂದು ಉಸಿರಿನಷ್ಟು ಖಾಲಿ. ನಾನು ಇಷ್ಟು ವರ್ಷ ಆ ಖಾಲಿ ಇಲ್ಲದೆಯೇ ಕೆಮ್ಮುತ್ತಿದ್ದೆ.

"ಗ್ವಾಡಿ ಒಣಗೇತಿ."

ದನಿ ಜೋರಿರಲಿಲ್ಲ. ಸಿಟ್ಟೂ ಇರಲಿಲ್ಲ. ಬರಿದೇ ಒಂದು ಸುದ್ದಿ ಹೇಳಿದ ಹಾಗೆ.

ನನ್ನ ಕಾಲು ಹೊಸ್ತಿಲಿನಿಂದ ತಾನೇ ಹಿಂದೆ ಬಂತು. ನಾನು ತೆಗೆಯಲಿಲ್ಲ, ಅದೇ ಬಂತು. ಒಂದು ಮೆಟ್ಟಿಲು ಇಳಿದೆ. ಇನ್ನೊಂದು ಇಳಿದೆ. ಚಪ್ಪಲಿ ಬಿಟ್ಟೆ. ಬಾಯಿಗೆ ಅಡ್ಡ ಅಂಗೈ ಬಂದಿತ್ತು. ಬೆನ್ನು ಬಾಗಿತ್ತು. ಇದು ಗೆಸ್ಟಿಗೆ ಬಾಗಿದ ಬಾಗಲ್ಲ, ಅದಕ್ಕಿಂತ ಕೆಳಗಿನದು. ನಾನು ಎಂದೂ ಕಲಿತಿರದದ್ದು. ದೊಡ್ಡಗೌಡ ಸತ್ತಾಗ ನನಗೆ ಒಂಬತ್ತು ವರ್ಷ. ನನ್ನ ಎದುರಿಗೆ ಅವನು ಈ ಮಾತು ಒಮ್ಮೆಯೂ ಆಡಿರಲಿಲ್ಲ. ಎಂ.ಎ. ಓದಿದ್ದು ತಲೆ. ಕಾಲು ಶಾಲೆಗೇ ಹೋಗಿರಲಿಲ್ಲ.

ಗೋಡೆಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನನ್ನ ಕಣ್ಣ ಮುಂದೆಯೇ. ನಾನು ನೋಡಿರಲಿಲ್ಲ.

ಗೆಸ್ಟುಗಳು ಇದೂ ಒಂದು ಐಟಂ ಎಂದು ಚಪ್ಪಾಳೆ ತಟ್ಟಿದರು. ಪಡಸಾಲೆಯ ನಡುವೆ ಹನ್ನೊಂದು ತಾಟಿನ ಮುಂದೆ ಹನ್ನೊಂದು ಹೆಂಗಸರು. ಮಧ್ಯದವಳು ಕೈಯಲ್ಲಿನ ಹೋಳಿಗೆಯ ತುಂಡನ್ನು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ಅಗಿದಳು. ನುಂಗಿದಳು. ಆಮೇಲೆ ತನ್ನದೇ ದನಿಯಲ್ಲಿ ಹೇಳಿದಳು.

"ಹಿಂಗಿತ್ತು ಗೌಡನ ದನಿ."

ಮೊದಲು ನಕ್ಕವಳು ದಾವಲಬಿ. ಬಾಯಿಯ ಅನ್ನ ಸಿಡಿಯುವಂತೆ ನಕ್ಕಳು. ಉಳಿದ ಒಂಬತ್ತು ಜನ ಸೇರಿದರು, ತೊಡೆ ಬಡಿದುಕೊಂಡರು, ಒಬ್ಬರ ಮೇಲೊಬ್ಬರು ಬಿದ್ದರು. ಸರೋಜವ್ವ ಕಂಬದ ಹಿಂದೆ ಸರಿದಳು. ಅವಳ ಗಂಡನ ದನಿ ಅದು. ಅವಳಿಗೂ ರೋಮ ನಿಂತಿರಬೇಕು. ಅವ್ವ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಈಗ ಏನು ಮಾಡುತ್ತೀ ಎಂಬಂತೆ.

ನಾನು ಬಾಯಿಯ ಮೇಲಿನ ನನ್ನದೇ ಕೈಯನ್ನು ನೋಡಿದೆ. ಕೆಳಗೆ ಸಾಲಾಗಿ ಬಿಟ್ಟ ಚಪ್ಪಲಿ ನೋಡಿದೆ. ಎಷ್ಟು ನೀಟಾಗಿ ಬಿಟ್ಟಿದ್ದೆ, ಜೋಡಿ ಕೂಡ ತಪ್ಪಿರಲಿಲ್ಲ. ಹೊಟ್ಟೆಯ ತಳದಿಂದ ಏನೋ ಎದ್ದು ಬಂತು. ಅಳು ಎಂದುಕೊಂಡೆ. ಕೈ ತೆಗೆದೆ. ನಗು. ರುಮಾಲು ಕಳಚಿ ಬಿತ್ತು. ಕಂಬಳಿ ಹೋಯಿತು, ಕೋಲು ಹೋಯಿತು. ಬರಿಗಾಲಿನಲ್ಲಿ ಹೊಸ್ತಿಲು ದಾಟಿ ಗೇಣು ಕೆಸರಿನಲ್ಲಿ ಇಳಿದೆ. ಹಿಮ್ಮಡಿ ಊರಿದೆ, ತಿರುವಿದೆ, ಎಳೆದೆ. ಅವ್ವ ಒಂದಿಷ್ಟು ಸರಿದು ಜಾಗ ಮಾಡಿದಳು. ಆ ಪಡಸಾಲೆಯಲ್ಲಿ ಆ ದಿನ ಎಲ್ಲರಿಗಿಂತ ಜೋರಾಗಿ, ತೊಲೆಯ ಮೇಲಿನ ಪಾರಿವಾಳ ಏಳುವ ಹಾಗೆ ನಕ್ಕವನು ನಾನೇ. ನನ್ನ ದನಿಯಲ್ಲೇ ನಕ್ಕೆ.